ರೊಟ್ಟಿ ಬಡಿಯುವ ಮನೆಯ ದಿನಚರಿ

ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಏರುವುದೂ ಒಲೆಯ ಮೇಲೆ ಅನ್ನ ಬೇಯುವುದೂ ಒಂದೇ ಸೂರಿನಡಿ. ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಬಿಡಿ ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತವೆ. ಗೋಣಿಚಿಂದಿಯ ಪುಡಿಗೆ ಮರದ ಹೊಟ್ಟು ಕಲಸಿದ ‘ಕಿಟ್ಟ’ವನ್ನು ಮೇಲೆ ಮೆತ್ತುತ್ತವೆ. ಅದರ ಮೇಲೆ ಅರಿವೆಯ ತುಣುಕು, ಆಮೇಲೆ ಕಲ್ಲುಪುಡಿಯ ಲೇಪ, ಕಟ್ಟಕಡೆಗೆ ಬಣ್ಣ. ಒಂದು ಪದರ ಒಣಗದೆ ಇನ್ನೊಂದಕ್ಕೆ ಕೈ ಹಚ್ಚುವಂತಿಲ್ಲ. ಹೀಗಾಗಿ ಒಣಗುವ ಹೊತ್ತು ಮನೆಗೆಲಸಕ್ಕೆ ಸಲ್ಲುತ್ತದೆ. ಜಿಐ ಮಾನ್ಯತೆ ಪಡೆದ ಈ ಕಸುಬಿನಲ್ಲಿ ದಿನವನ್ನು ಹಂಚಿಕೊಡುವುದು ಗಡಿಯಾರಕ್ಕಿಂತ ಹೆಚ್ಚಾಗಿ ಬಿಸಿಲು.

ಜಿಲ್ಲೆಯ ಬೇರೆ ಕಡೆಗೂ ಮನೆಯೊಳಗೇ ದುಡಿಮೆ ನಡೆದಿದೆ. ಕುಷ್ಟಗಿ ತಾಲ್ಲೂಕಿನ ದೋಟಿಹಾಳದಂಥ ಊರುಗಳಲ್ಲಿ ಮಗ್ಗ ಮನೆಯ ಒಂದು ಭಾಗವನ್ನೇ ಹಿಡಿದಿರುತ್ತದೆ. ನೇಯುವವರು ಒಬ್ಬರಾದರೂ ನೂಲು ಸುತ್ತಿಕೊಡಲು ಮನೆಮಂದಿಯ ಕೈ ಬೇಕು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಕೂದಲಿನ ಸಿಕ್ಕು ಬಿಡಿಸುವ ಕೆಲಸ, ಗಂಗಾವತಿಯ ಓಣಿಗಳಲ್ಲಿ ಹೊಲಿಗೆ ಮಷಿನ್ನು, ಯಲಬುರ್ಗಾ ಕಡೆ ಕೌದಿ, ಶಾವಿಗೆ, ಹಪ್ಪಳ. ಈ ಅಧ್ಯಾಯದಲ್ಲಿ ಮಾತ್ರ ಜೋಳದ ರೊಟ್ಟಿಯನ್ನೇ ಮುಂದಿಟ್ಟುಕೊಳ್ಳುತ್ತೇನೆ. ಮನೆಯ ಅಡುಗೆಯೂ ಮಾರಾಟದ ಸರಕೂ ಒಂದೇ ಹಂಚಿನ ಮೇಲೆ ಬೇಯುವ ಉದ್ಯೋಗ ಇದು. ಯಾವುದು ಮನೆಯದು, ಯಾವುದು ವ್ಯಾಪಾರದ್ದು ಎಂದು ಬಿಡಿಸಿಡುವುದು ಇಲ್ಲಿ ಎಲ್ಲಕ್ಕಿಂತ ಕಷ್ಟ.

ಮನೆಯಿಂದ ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆ ಸಿಗುವ ಮೊದಲ ಸಲಹೆ, ಇನ್ನೂ ಒಂದು ತಾಸು ಬೇಗ ಏಳಿರಿ ಎಂಬುದು. ಅದು ಸರಿಯಾದ ಸಲಹೆಯಲ್ಲ ಎಂದೇ ನನ್ನ ಗಟ್ಟಿ ಅಭಿಪ್ರಾಯ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅದೇ ಕೆಲಸಕ್ಕೆ ಕೈ ಹಾಕುವ ಗಂಡಸರು ಕೊಡುವುದು 88 ನಿಮಿಷ. ಒಂದು ಕಡೆ ಹತ್ತಿರ ಹತ್ತಿರ ಐದು ತಾಸು, ಇನ್ನೊಂದು ಕಡೆ ಒಂದೂವರೆ ತಾಸು. ಮಕ್ಕಳನ್ನೂ ಮುದುಕರನ್ನೂ ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ. ಐದು ತಾಸು ದುಡಿದ ಮೇಲೆ ಹಿಟ್ಟಿಗೆ ಕೈ ಇಡುವವಳಿಗೆ ನಸುಕಿನ ನಿದ್ದೆಯನ್ನೂ ಬಿಟ್ಟುಕೊಡು ಎನ್ನುವುದು ಅವಳ ಮೈಯಿಂದ ಕಡ ಎತ್ತಿದಂತೆ. ಅವಳಿಗೆ ಬೇಕಾದದ್ದು ಕೆಲಸದ ಹಂಚಿಕೆ, ಮತ್ತೆ ವ್ಯಾಪಾರದ ಲೆಕ್ಕ ಮನೆಯ ಲೆಕ್ಕದಿಂದ ಬೇರೆಯಾಗುವುದು. ಉಳಿದ ಉಪಾಯಗಳೆಲ್ಲ ಈ ಎರಡರ ನಂತರ.

ರೊಟ್ಟಿಯ ಸ್ವಭಾವ ತಿಳಿದರೆ ದಿನವನ್ನು ಹೇಗೆ ಕಟ್ಟಬೇಕೆಂಬುದು ತಾನಾಗಿ ಹೊಳೆಯುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದೆ. ಹಿಟ್ಟು ಹಳತಾದರೆ ಜಿಗಿ ಕಳೆದುಕೊಂಡು ಬಡಿಯುವಾಗ ಅಂಚು ಸೀಳುತ್ತದೆ. ಹಾಗಾಗಿ ತಿಂಗಳಿಗಾಗುವಷ್ಟು ಹಿಟ್ಟು ಒಮ್ಮೆಲೇ ಬೀಸಿಸಿ ಇಟ್ಟುಕೊಳ್ಳುವುದು ಅನುಕೂಲದಂತೆ ಕಂಡರೂ ಕೊನೆಗೆ ನಷ್ಟ. ಜೋಳವನ್ನು ಚೀಲಗಟ್ಟಲೆ ತೆಗೆದುಕೊಳ್ಳಿ, ಗಿರಣಿಗೆ ಮಾತ್ರ ಸ್ವಲ್ಪ ಸ್ವಲ್ಪವೇ ಕಳಿಸಿ. ಹಿಟ್ಟು ನಾದಿ ಹಂಚು ಕಾದ ಮೇಲೆ ನಡುವೆ ಎದ್ದು ಹೋಗುವಂತಿಲ್ಲ. ಆ ಹೊತ್ತಿನಲ್ಲಿ ಬಾಗಿಲು ಬಡಿದವರನ್ನು, ಅಳುವ ಕೂಸನ್ನು, ಫೋನನ್ನು ಇನ್ನೊಬ್ಬರು ನೋಡಿಕೊಳ್ಳಬೇಕು. ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತನ್ನೇ ಬಡಿಯುವ ಹೊತ್ತಾಗಿ ಆರಿಸಿಕೊಳ್ಳಬೇಕು.

ಮೆತ್ತನ್ನ ರೊಟ್ಟಿ ಅಂದಿನದು ಅಂದಿಗೇ. ಖಾನಾವಳಿಯವರು ದಿನವೂ ಕೇಳುವುದು ಅದನ್ನು. ಅದಕ್ಕೆ ಕಟ್ಟಿಬಿದ್ದವಳಿಗೆ ರಜೆ ಎಂಬುದಿಲ್ಲ. ಹಂಚಿನ ಮೇಲೆ ಚೆನ್ನಾಗಿ ಒಣಗಿಸಿದ ಕಡಕ್ ರೊಟ್ಟಿಯಾದರೆ, ಹಸಿ ತಾಗದಂತೆ ಇಟ್ಟರೆ, ವಾರಗಟ್ಟಲೆ ಬಾಳುತ್ತದೆ. ನಮ್ಮ ಒಣಭೂಮಿಯ ಹೆಣ್ಣುಮಕ್ಕಳು ಕಂಡುಕೊಂಡ ಈ ಜಾಣ್ಮೆಯನ್ನು ವ್ಯಾಪಾರಕ್ಕೂ ಒದಗಿಸಿಕೊಳ್ಳಬಹುದು. ಕಡಕ್ ರೊಟ್ಟಿಯನ್ನು ಮುಖ್ಯ ಸರಕಾಗಿ ಇಟ್ಟುಕೊಂಡವಳು ವಾರದಲ್ಲಿ ಮೂರು ದಿನ ಮಾತ್ರ ಬಡಿದು, ಉಳಿದ ದಿನಗಳಲ್ಲಿ ಕಟ್ಟುವುದು, ತಲುಪಿಸುವುದು, ಬಾಕಿ ವಸೂಲಿ ಇವನ್ನು ಮಾಡಿಕೊಳ್ಳಬಹುದು. ಯಾವ ಮೂರು ದಿನ ಎಂಬುದನ್ನು ಹಲವು ಊರುಗಳಲ್ಲಿ ನಳವೇ ಹೇಳುತ್ತದೆ. ನೀರು ಬರುವ ದಿನ ಕೊಡ, ಬ್ಯಾರಲ್ಲು, ಬಟ್ಟೆ ಎಂದು ಕೈ ತುಂಬಿರುತ್ತದೆ. ಅಂದು ರೊಟ್ಟಿ ಬೇಡ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳೂ ಇಟ್ಟರೆ ಬಾಳುವ ಸರಕೇ. ಹುರಿದು ಕುಟ್ಟುವುದನ್ನು ಒಂದು ಮಧ್ಯಾಹ್ನಕ್ಕೆ ಸೇರಿಸಿಕೊಳ್ಳಿ.

ಅವಸರದ ಆರ್ಡರು ಈ ಏರ್ಪಾಟನ್ನೆಲ್ಲ ಕೆಡಿಸುತ್ತದೆ. “ಅಕ್ಕಾ, ನಾಳೆ ಮುಂಜಾನೆ ನಲವತ್ತು ರೊಟ್ಟಿ ಬೇಕಾಗ್ಯಾವ್ರೀ” ಎಂದು ರಾತ್ರಿ ಎಂಟಕ್ಕೆ ಫೋನು ಬರುತ್ತದೆ. ಕೇಳಿದವರು ಬೀಗರ ಕಡೆಯವರೋ ಓಣಿಯವರೋ ಆಗಿದ್ದರೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. “ಕಡಕ್ ರೊಟ್ಟಿ ಅದಾವ್ರೀ, ಈಗ ಬೇಕಾದ್ರ ಒಯ್ಯಿರಿ. ಮೆತ್ತನ್ನವು ನಾಡದಕ್ಕ ಕೊಡ್ತೀನಿ” ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಹೀಗೆ ಹೇಳಿದ್ದರಿಂದ ಒಳ್ಳೆಯ ಗಿರಾಕಿ ಓಡಿಹೋಗುವುದಿಲ್ಲ. ಮುಂದಿನ ಸಲ ಎರಡು ದಿನ ಮೊದಲೇ ಹೇಳುತ್ತಾನೆ.

ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರನ್ನೇ ಆರ್ಡರ್ ಪುಸ್ತಕ ಮಾಡಿಕೊಳ್ಳಬಹುದು. ಅಮಾವಾಸ್ಯೆ, ಮದುವೆಯ ಮುಹೂರ್ತಗಳು ಅದರಲ್ಲಿ ಮೊದಲೇ ಇವೆ. ಮಕ್ಕಳ ಪರೀಕ್ಷೆ, ಸಂಘದ ಸಭೆ, ಸಾಲದ ಕಂತು, ಆರ್ಡರು ಇವಿಷ್ಟನ್ನು ಸೇರಿಸಿದರೆ ಸಾಕು. ಪರೀಕ್ಷೆಯ ವಾರ ಮುಹೂರ್ತದ ವಾರದ ಮೇಲೆ ಬಿದ್ದದ್ದು ತಿಂಗಳ ಮೊದಲೇ ಕಣ್ಣಿಗೆ ಬೀಳುತ್ತದೆ. ಫೋನಿನಲ್ಲಿ ಬರೆದರೆ ಬರೆದವಳಿಗೆ ಮಾತ್ರ ಗೊತ್ತು. ಗೋಡೆಯ ಮೇಲಿದ್ದರೆ ಅತ್ತೆಗೂ ಗಂಡನಿಗೂ ಮಕ್ಕಳಿಗೂ ಗೊತ್ತು.

ದೊಡ್ಡ ಕೆಲಸವನ್ನು ಹೇಗೆ ಹಂಚಬೇಕು ಎಂಬುದಕ್ಕೆ ಕೊಪ್ಪಳದವರು ಬೇರೆಲ್ಲೂ ಹೋಗಿ ಕಲಿಯಬೇಕಿಲ್ಲ. ಪುಷ್ಯ ಹುಣ್ಣಿಮೆ ಕಳೆದೊಡನೆ ಗವಿಸಿದ್ಧೇಶ್ವರ ಜಾತ್ರೆ. ಮಹಾದಾಸೋಹಕ್ಕೆ ಬೇಕಾಗುವ ರೊಟ್ಟಿ ಲಕ್ಷಗಳ ಲೆಕ್ಕದ್ದು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ದಿನಗಟ್ಟಲೆ ಮೊದಲೇ ಬಡಿದು, ಒಣಗಿಸಿ, ಒಟ್ಟಿ ಇಡುತ್ತಾರೆ. ಊರಿನವರು ಗಾಡಿಗಳಲ್ಲಿ ಮಠಕ್ಕೆ ಸಾಗಿಸುತ್ತಾರೆ. ಅದು ಭಕ್ತಿಯ ಕೆಲಸ, ವ್ಯಾಪಾರಕ್ಕೆ ಹೋಲಿಸುವುದು ಪೂರ್ತಿ ಸರಿಯಲ್ಲ. ಆದರೂ ಅದರ ಏರ್ಪಾಟು ನೋಡುವಂಥದ್ದು. ಕೆಡದ ಸರಕು, ಮೊದಲೇ ಗೊತ್ತಿರುವ ದಿನ, ಮನೆಗಿಷ್ಟು ಎಂಬ ಪಾಲು, ಸಾಗಿಸಲು ಗಂಡಸರು. ಐದಾರು ಮನೆಗಳು ಕೂಡಿ ಮದುವೆಯ ಆರ್ಡರನ್ನು ಹೀಗೇ ಹಂಚಿಕೊಂಡರೆ ಯಾರೊಬ್ಬಳೂ ರಾತ್ರಿಯಿಡೀ ಕೂರಬೇಕಾಗಿಲ್ಲ. ಆಗ ಒಂದೇ ಅಳತೆ, ಒಂದೇ ದಪ್ಪ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಜಾತ್ರೆಯ ಆ ದಿನಗಳಲ್ಲಿ ದಾಸೋಹದ ರೊಟ್ಟಿಯೂ ಇರುವುದರಿಂದ ಮಾರಾಟದ ಆರ್ಡರನ್ನು ಅಳೆದು ಹಿಡಿಯುವುದು ಕ್ಷೇಮ.

ಇನ್ನು ದುಡ್ಡಿನ ಮಾತು. ಮನೆಯ ಹಿಟ್ಟಿನ ಡಬ್ಬಿಯಿಂದ ವ್ಯಾಪಾರಕ್ಕೆ ಎರಡು ಬೊಗಸೆ, ವ್ಯಾಪಾರದ ಗಲ್ಲಾದಿಂದ ಮನೆಯ ಹಾಲಿಗೆ ಐವತ್ತು ರೂಪಾಯಿ ಎಂದು ಹೋಗುತ್ತಿದ್ದರೆ ಲಾಭವೋ ನಷ್ಟವೋ ಯಾರಿಗೂ ತಿಳಿಯುವುದಿಲ್ಲ. ಡಬ್ಬಿ ಬೇರೆ, ಚೀಲ ಬೇರೆ, ಬ್ಯಾಂಕಿನ ಖಾತೆಯೂ ಬೇರೆ ಇರಲಿ. ಫೋನ್‌ಪೇ ಸ್ಕ್ಯಾನರು ಅವಳದೇ ಖಾತೆಗೆ ಜೋಡಿಸಿದ್ದಾಗಿರಲಿ. ಒಂದು ಕಿಲೋ ಹಿಟ್ಟಿಗೆ ತನ್ನ ಕೈಯಲ್ಲಿ ಎಷ್ಟು ರೊಟ್ಟಿ ಬೀಳುತ್ತವೆ ಎಂಬುದನ್ನು ಎಣಿಸಿ ಬರೆದುಕೊಳ್ಳಬೇಕು. ಜೋಳ, ಗಿರಣಿ, ಕಟ್ಟಿಗೆ ಅಥವಾ ಗ್ಯಾಸು, ಪ್ಯಾಕೆಟ್ಟು, ಬಸ್ಸಿನ ಲಗೇಜು, ಇವೆಲ್ಲವನ್ನೂ ಕೂಡಿಸಿದ ಮೇಲೆ ಬಡಿದವಳ ಕೂಲಿಯನ್ನೂ ಕೂಡಿಸಬೇಕು. ತನ್ನ ಕೂಲಿ ಬಿಟ್ಟು ಬೆಲೆ ಕಟ್ಟುವುದು ನಮ್ಮ ಕಡೆ ಸಾಮಾನ್ಯವಾಗಿಬಿಟ್ಟಿದೆ, ನನಗೆ ಬಹಳ ನೋವು ಕೊಡುವ ಸಂಗತಿ ಇದು.

ಉದ್ರಿಗೆ ಮಿತಿ ಬೇಕು. ಗಂಗಾವತಿ, ಕಾರಟಗಿ ಕಡೆ ಹೊಲಿಗೆಯವರ, ತಿನಿಸು ಮಾರುವವರ ಉದ್ರಿ ತೀರುವುದು ಭತ್ತ ಬಂದ ಮೇಲೆ. ಭತ್ತ ಬರುವುದು ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದರೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಆತಂಕ ರೈತರದಷ್ಟೇ ಆಗಿರಲಿಲ್ಲ. ರೈತರ ಮನೆಗಳಿಗೆ ಉದ್ರಿ ಕೊಟ್ಟ ಪ್ರತಿ ಮನೆಗೂ ಆ ನೀರಿನ ಜೊತೆ ಲೆಕ್ಕವಿದೆ. ಸುಗ್ಗಿಗೆ ತೀರುವ ಉದ್ರಿ ಎಷ್ಟು, ತಿಂಗಳಲ್ಲಿ ಬರುವ ದುಡ್ಡು ಎಷ್ಟು ಎಂದು ಎರಡು ಪುಟಗಳಲ್ಲಿ ಬರೆದಿಟ್ಟರೆ ಸಾಲದ ಕಂತನ್ನು ಯಾವುದರ ಮೇಲೆ ನೆಚ್ಚಬಹುದೆಂದು ಗೊತ್ತಾಗುತ್ತದೆ.

ಕಾಗದಪತ್ರದ ವಿಷಯ ಚಿಕ್ಕದು. ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ, ಸರ್ಕಾರಿ ಶುಲ್ಕ ಇಲ್ಲ. ತಿನಿಸು ಮಾರುವವರಿಗೆ ಆಹಾರ ಸುರಕ್ಷತಾ ನೋಂದಣಿ ಬೇಕು. ಕಿರು ಆಹಾರ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆ ಯಂತ್ರ ಕೊಳ್ಳಲು ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನದ ಏರ್ಪಾಟಾಗಿ 2020ರಲ್ಲಿ ಶುರುವಾಯಿತು. ದರ್ಜಿಗಳಿಗೂ ಗೊಂಬೆ ಮಾಡುವವರಿಗೂ 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಜಾಗವಿದೆ. ಸಹಾಯಧನ ಇದೆಯೆಂದು ರೊಟ್ಟಿ ಯಂತ್ರಕ್ಕೆ ಕೈ ಹಾಕುವ ಮುನ್ನ ಆರು ತಿಂಗಳ ಆರ್ಡರ್ ಪುಸ್ತಕ ತಿರುವಿ ನೋಡಿ. ಯಂತ್ರ ಇಡಲು ಜಾಗ, ಸರಿಯಾದ ಕರೆಂಟು, ಅದು ಮಾಡಿದಷ್ಟನ್ನು ಕೊಳ್ಳುವ ಗಿರಾಕಿ, ಮೂರೂ ಇರಬೇಕು.

ಜಾಗ ಎಂದಾಗ ಭಾಗ್ಯನಗರದ ಕೆಲಸ ನೆನಪಿಗೆ ಬರುತ್ತದೆ. ಕೂದಲಿನ ಧೂಳು ಅನ್ನಕ್ಕೂ ಕೂಸಿನ ಉಸಿರಿಗೂ ಹೋಗಬಾರದು. ಅಂಥ ಕೆಲಸಕ್ಕೆ ಅಡುಗೆ, ತೊಟ್ಟಿಲುಗಳಿಂದ ದೂರದ ಪಡಸಾಲೆಯ ಒಂದು ಮೂಲೆ, ಮೂಗಿಗೆ ಬಟ್ಟೆ, ಎದ್ದ ಮೇಲೆ ಕೈಕಾಲು ತೊಳೆಯುವುದು, ಇಷ್ಟಾದರೂ ಪಾಲಿಸಲೇಬೇಕು. ಹೊಲಿಗೆಯ ಸೂಜಿ ಕತ್ತರಿಗಳಿಗೆ ಮುಚ್ಚಳವಿರುವ ಡಬ್ಬಿ ಬೇಕು.

ಮನೆಯವರ ಪಾಲು ಯಾವುದು ಎಂದು ಹೆಸರಿಟ್ಟು ಹೇಳಬೇಕು. “ಸ್ವಲ್ಪ ಸಹಾಯ ಮಾಡ್ರಿ” ಎಂದರೆ ಯಾರೂ ಏಳುವುದಿಲ್ಲ. ಗಿರಣಿಗೆ ಹೋಗಿಬರುವುದು ಗಂಡನದು, ಪ್ರತಿ ಸಲವೂ ಅವನದೇ. ನಳದ ನೀರು ಹಿಡಿಯುವುದು ಮಗನದು. ರೊಟ್ಟಿ ಎಣಿಸಿ ಕಟ್ಟುವುದು, ಬಂದವರ ಹತ್ತಿರ ದುಡ್ಡು ತೆಗೆದುಕೊಳ್ಳುವುದು ಅತ್ತೆಯದು. ಬಹಳ ಮನೆಗಳಲ್ಲಿ ಈ ಒಂದು ಅಧಿಕಾರ ಸಿಕ್ಕ ಮೇಲೆ ಅತ್ತೆಯೇ ವ್ಯಾಪಾರದ ಬೆನ್ನಿಗೆ ನಿಲ್ಲುತ್ತಾಳೆ.

ಮಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ದೊಡ್ಡ ಆರ್ಡರು ಬಂದ ದಿನ ಅವಳನ್ನು ಶಾಲೆ ಬಿಡಿಸಿ ಹಂಚಿನ ಮುಂದೆ ಕೂರಿಸುವುದು ಸುಲಭ. ಒಂದು ದಿನ ಎಂದು ಶುರುವಾದದ್ದು ಮುಹೂರ್ತ ಬಂದಾಗಲೆಲ್ಲ ಆಗುತ್ತದೆ, ಎಸ್ಸೆಸ್ಸೆಲ್ಸಿ ಹೊತ್ತಿಗೆ ಹಾಜರಿ ಕಡಿಮೆ ಬೀಳುತ್ತದೆ. ಕೈ ಸಾಲದೆ ಹೋದರೆ ಓಣಿಯ ಇನ್ನೊಬ್ಬ ಹೆಣ್ಣುಮಗಳನ್ನು ಕೂಲಿಗೆ ಕರೆಯಿರಿ. ಆ ಕೂಲಿಯನ್ನು ಆರ್ಡರು ಒಪ್ಪಿಕೊಳ್ಳುವ ದಿನವೇ ರೊಟ್ಟಿಯ ಬೆಲೆಯಲ್ಲಿ ಸೇರಿಸಿ ಗಿರಾಕಿಗೆ ಹೇಳಿ. ಗಿರಾಕಿ ಅಷ್ಟು ಕೊಡಲು ಒಪ್ಪದಿದ್ದರೆ ಆ ಆರ್ಡರು ಬೇಡ.