ಹೆಸರು ಡಾರ್ಮೌಸ್, ಕುಲ ಬೇರೆ

ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ಇರುಳು ಕವಿದ ಮೇಲಷ್ಟೇ ಮರದ ಪೊಟರೆಯಿಂದ ಹೊರಬರುವ ಒಂದು ಅಪರೂಪದ ಇಲಿಯಿದೆ. ಬೆನ್ನಿನ ಕೆಂಗಂದು ರೋಮಗಳ ನಡುವೆ ಚಪ್ಪಟೆ ಮುಳ್ಳುಗಳು, ಬಾಲದ ತುದಿಯಲ್ಲಿ ಬಿಳಿಯ ಕುಚ್ಚು. ಬಾಲವನ್ನು ಬಿಟ್ಟರೆ ಮೈಯುದ್ದ ಒಂದು ಗೇಣಿಗೂ ಕಡಿಮೆ. ಕರ್ನಾಟಕ, ಕೇರಳ ಹಾಗೂ ತಮಿಳುನಾಡಿನ ಘಟ್ಟಪ್ರದೇಶಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇದು ಇಲ್ಲ. ಇಂಗ್ಲಿಷಿನಲ್ಲಿ ಇದರ ಹೆಸರು ಮಲಬಾರ್ ಸ್ಪೈನಿ ಡಾರ್ಮೌಸ್. ಆದರೆ ಇದು ಡಾರ್ಮೌಸ್ ಅಲ್ಲ.

ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಎಡ್ವರ್ಡ್ ಬ್ಲೈತ್ 1859ರಲ್ಲಿ ಈ ಜೀವಿಗೆ ಪ್ಲಾಟಕ್ಯಾಂಥೊಮಿಸ್ ಲ್ಯಾಸರ್ಟಿನಸ್ ಎಂದು ಹೆಸರಿಟ್ಟನು. ಹೆಸರಿನ ಮೊದಲ ಭಾಗಕ್ಕೆ ಗ್ರೀಕ್ ಭಾಷೆಯಲ್ಲಿ ‘ಚಪ್ಪಟೆ ಮುಳ್ಳಿನ ಇಲಿ’ ಎಂದರ್ಥ. ಹೆಸರೇನೋ ದೊರೆಯಿತು, ಕುಲ ನಿಶ್ಚಯವಾಗಲಿಲ್ಲ. ಮರವಾಸ, ಕುಚ್ಚುಬಾಲ, ಇರುಳ ಸಂಚಾರಗಳನ್ನು ಕಂಡವರು ಇದನ್ನು ಯುರೋಪಿನಲ್ಲಿ ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುವ ಡಾರ್ಮೌಸ್‌ಗಳ ಬಳಗಕ್ಕೆ ಸೇರಿಸಿದರು.

ಈ ನಂಟಿಗೆ ಹಲ್ಲುಗಳು ಒಪ್ಪುವುದಿಲ್ಲ. ಡಾರ್ಮೌಸ್‌ಗಳಿಗೆ ಸಾಮಾನ್ಯವಾಗಿ 20 ಹಲ್ಲುಗಳಿರುತ್ತವೆ. ಮುಳ್ಳಿಲಿಗೆ ಇರುವುದು 16 ಮಾತ್ರ. ದವಡೆಯ ಪ್ರತಿ ಅರ್ಧದಲ್ಲಿ ಒಂದು ಬಾಚಿಹಲ್ಲು, ಮೂರು ಹಿಂದವಡೆ ಹಲ್ಲು. ಮುಂದವಡೆ ಹಲ್ಲು ಒಂದೂ ಇಲ್ಲ. ಇದು ಇಲಿಗಳ ಬಳಗದ ಲಕ್ಷಣ. ಒಂದೇ ಬಗೆಯ ಬಾಳುವೆ ದೂರದ ಜೀವಿಗಳಿಗೂ ಒಂದೇ ಬಗೆಯ ರೂಪವನ್ನು ಕೊಡಬಲ್ಲದು. ಹೊರರೂಪದ ಹೋಲಿಕೆಯೊಂದೇ ರಕ್ತಸಂಬಂಧಕ್ಕೆ ಸಾಕ್ಷಿಯಾಗದು.

ಇದರ ನಿಜವಾದ ಬಂಧು ಇರುವುದು ದೂರದ ಚೀನಾ ಮತ್ತು ವಿಯೆಟ್ನಾಮಿನ ಬೆಟ್ಟಗಳಲ್ಲಿ. ಟಿಫ್ಲೊಮಿಸ್ ಎಂಬ ಆ ಇಲಿಗೆ ಮುಳ್ಳುಗಳಿಲ್ಲ, ಕಣ್ಣುಗಳು ಬಹಳ ಚಿಕ್ಕವು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ವಂಶವಾಹಿಗಳನ್ನು ಪರಿಶೀಲಿಸಿತು. ಇಲಿ, ಹೆಗ್ಗಣ, ಹ್ಯಾಮ್‌ಸ್ಟರ್ ಮೊದಲಾದ 1500ಕ್ಕೂ ಹೆಚ್ಚು ಪ್ರಭೇದಗಳ ಮಹಾಬಳಗದಲ್ಲಿ, ಎಲ್ಲಕ್ಕಿಂತ ಮೊದಲು ಕವಲೊಡೆದ ಶಾಖೆ ಇದೇ ಎಂದು ಅದು ತೋರಿಸಿತು. ಆ ಶಾಖೆಯಲ್ಲಿ ಇಂದು ಉಳಿದಿರುವ ಕುಲಗಳು ಎರಡೇ: ಚೀನಾ–ವಿಯೆಟ್ನಾಮಿನ ಟಿಫ್ಲೊಮಿಸ್ ಮತ್ತು ನಮ್ಮ ಘಟ್ಟದ ಮುಳ್ಳಿಲಿ. ಇದೇ ಮನೆತನದ, ಅಳಿದುಹೋದ ಸದಸ್ಯರ ಪಳೆಯುಳಿಕೆಗಳು ಯುರೋಪಿನಲ್ಲೂ ದೊರೆತಿವೆ. ಒಮ್ಮೆ ಖಂಡಾಂತರಗಳಲ್ಲಿ ಹರಡಿದ್ದ ವಂಶವೊಂದು ಈಗ ಏಷ್ಯಾದ ಕೆಲವು ಕಾಡುಗಳಿಗೆ ಸರಿದು ನಿಂತಿದೆ.

ಇಲಿಯೊಂದರ ಕುಲಗೋತ್ರ ತಿಳಿದು ಆಗುವುದೇನು ಎಂದು ಓದುಗರು ಕೇಳಬಹುದು. ಹಳೆಯ ಬರಹಗಳಲ್ಲಿ ಇದು ಕಾಳುಮೆಣಸು, ಹಲಸಿನ ಹಣ್ಣು ತಿಂದು ಹಾಳುಮಾಡುವ, ಕಳ್ಳಿನ ಮಡಕೆಗೂ ಬಾಯಿಹಾಕುವ ಕಳ್ಳ. ಕೃಷಿಕನ ದೂರು ಸುಳ್ಳಲ್ಲ. ಬಳ್ಳಿಯಲ್ಲಿ ಕೈಗೆ ಬಂದ ಮೆಣಸು ಇಲಿಯ ಪಾಲಾದರೆ ಯಾರಿಗೂ ನಷ್ಟವೇ. ಆದರೆ ತೋಟದ ಹೆಗ್ಗಣಕ್ಕೆ ಸಾವಿರ ನೆಂಟರಿದ್ದಾರೆ. ಮುಳ್ಳಿಲಿಯ ಕುಲದಲ್ಲಿ ಇರುವುದು ಅದೊಂದೇ ಪ್ರಭೇದ. ಅದು ಅಳಿದರೆ ಕೋಟ್ಯಂತರ ವರ್ಷಗಳ ಕವಲೊಂದು ತುದಿಯವರೆಗೂ ಒಣಗುತ್ತದೆ.

ಅಂತಾರಾಷ್ಟ್ರೀಯ ಕೆಂಪು ಪಟ್ಟಿ ಇದನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ಸಾಲಿನಲ್ಲಿರಿಸಿದೆ. ಇದಕ್ಕೆ ಬೇಕಾದುದು ಬಹಳವೇನಲ್ಲ: ಗೂಡಿಗೆ ಪೊಟರೆಯಿರುವ ಮುದಿಮರ, ಸಂಚಾರಕ್ಕೆ ಕೊಂಬೆಗೆ ಕೊಂಬೆ ತಾಗುವ ಕಾಡು. ತೋಟದಂಚಿನಲ್ಲಿ ಟೊಳ್ಳಾದ ಮರ ಕಂಡಾಗ ಅದು ಸೌದೆಗಷ್ಟೇ ಸರಿ ಎಂದು ಕೊಡಲಿ ಎತ್ತುವ ಮುನ್ನ, ಒಳಗೆ ಯಾರಿದ್ದಾರೆಂದು ಒಮ್ಮೆ ಯೋಚಿಸುವುದು ಒಳ್ಳೆಯದು.