ನಾಯಿಗೆ ಒಗ್ಗದ ಊಟ

ಸಂಜೆ ಆಫೀಸು, ಕಾರಖಾನೆ, ಹೋಟೆಲುಗಳ ಕೆಲಸ ಮುಗಿಸಿ ನಮ್ಮ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ನಾಯಿ ಸಾಕಿದವರು ಹಲವರಿದ್ದಾರೆ. ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ, ಚಾಳಿನ ಮೆಟ್ಟಿಲ ಬಳಿ ಬಾಲವಾಡಿಸುತ್ತ ಕಾದಿರುವ ಜೀವವೊಂದಿದ್ದರೆ ಮನಸ್ಸು ಎಷ್ಟೋ ಹಗುರವಾಗುತ್ತದೆ. ಅಂತಹ ನಾಯಿ ಹಗಲಿರುಳು ಮೈ ಕೆರೆದುಕೊಳ್ಳತೊಡಗಿ, ಕೂದಲುದುರಿ, ಚರ್ಮ ಕೆಂಪಾದರೆ ನೆರೆಯವರು, “ಕಜ್ಜಿ ನಾಯಿ, ಮಕ್ಕಳಿಗೆ ಅಂಟೀತು, ಹೊರಗೆ ಹಾಕಿ” ಎನ್ನುತ್ತಾರೆ. ಹೀಗೆ ಬೀದಿಪಾಲಾದ ನಾಯಿಗಳನ್ನು ನಾವು ಕಂಡಿದ್ದೇವೆ. ಆದರೆ ಎಲ್ಲ ತುರಿಕೆಯೂ ಕಜ್ಜಿಯಲ್ಲ. ಕೆಲವೊಮ್ಮೆ ದೋಷವಿರುವುದು ನಾವೇ ಪ್ರೀತಿಯಿಂದ ಹಾಕುವ ಊಟದಲ್ಲಿ.

ದೇಹದಲ್ಲಿ ರೋಗಾಣುಗಳೊಡನೆ ಹೋರಾಡುವ ಒಂದು ರಕ್ಷಣಾಶಕ್ತಿಯಿದೆ. ಅದು ಒಮ್ಮೊಮ್ಮೆ ಆಹಾರದಲ್ಲಿರುವ ನಿರಪಾಯವಾದ ಪ್ರೋಟೀನನ್ನೇ ಶತ್ರುವೆಂದು ತಪ್ಪಾಗಿ ತಿಳಿದು ಅದರ ಮೇಲೆ ಹರಿಹಾಯುತ್ತದೆ. ಆಹಾರದ ಅಲರ್ಜಿ ಎಂದರೆ ಇದೇ. ವರ್ಷಗಟ್ಟಲೆ ಸುಖವಾಗಿ ತಿಂದುಕೊಂಡು ಬಂದ ಪದಾರ್ಥವೇ ಒಂದು ದಿನ ಒಗ್ಗದಂತಾಗಬಹುದು. ಆದ್ದರಿಂದ “ಮೊನ್ನೆಯವರೆಗೆ ಇದನ್ನೇ ತಿನ್ನುತ್ತಿತ್ತಲ್ಲ” ಎಂಬ ವಾದ ನಿಲ್ಲುವುದಿಲ್ಲ.

ಇದರ ಲಕ್ಷಣಗಳು ಇವು: ಮಳೆಗಾಲ ಬೇಸಗೆಯೆನ್ನದೆ ವರ್ಷವಿಡೀ ತುರಿಕೆ, ಸದಾ ಪಂಜ ನೆಕ್ಕುವುದು, ಕಿವಿ ಮತ್ತೆ ಮತ್ತೆ ಕೆಟ್ಟು ನಾರುವುದು, ಹೊಟ್ಟೆಯ ಅಡಿ ಮತ್ತು ಗುದದ ಸುತ್ತ ಕೆಂಪಾಗುವುದು. ಕೆಲವಕ್ಕೆ ವಾಂತಿ, ಭೇದಿಯೂ ಉಂಟು.

ಯಾವ ಆಹಾರದಿಂದ ಹೀಗಾಗುತ್ತದೆ? ಈ ಅಲರ್ಜಿಯಿದ್ದ 297 ನಾಯಿಗಳ ವಿವರಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೂರಕ್ಕೆ 34 ನಾಯಿಗಳಿಗೆ ದನದ ಮಾಂಸ, 17ಕ್ಕೆ ಹಾಲಿನ ಪದಾರ್ಥ, 15ಕ್ಕೆ ಕೋಳಿಮಾಂಸ, 13ಕ್ಕೆ ಗೋಧಿ ಒಗ್ಗಿರಲಿಲ್ಲ. ಇನ್ನು ನಮ್ಮ ಮನೆಗಳ ನಾಯಿಗೆ ಸಿಗುವುದೇನು? ಹಾಲಿನಲ್ಲಿ ನೆನೆಸಿದ ಚಪಾತಿ, ಬಿಸ್ಕತ್ತು, ಭಾನುವಾರ ಕೋಳಿಯ ಚೂರು. ಆ ಪಟ್ಟಿಯ ಮೂರು ಪದಾರ್ಥಗಳು ಇಲ್ಲಿಯೇ ಬಂದವು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಇಂತಹ ನಾಯಿಯ ಪಾಲಿಗೆ ಸುಳ್ಳಾಗುತ್ತದೆ.

ಆದರೆ ತುರಿಕೆ ಕಂಡೊಡನೆ ಊಟವನ್ನೇ ದೂರತಕ್ಕದ್ದಲ್ಲ. ಚಿಗಟದ ಕಡಿತ, ಧೂಳು ಇವುಗಳಿಂದಲೂ ಹೀಗಾಗುತ್ತದೆ. ನಿಜವಾದ ಕಜ್ಜಿಹುಳುವಾದರೆ ಮನುಷ್ಯರಿಗೂ ತುರಿಕೆ ಹತ್ತಬಹುದು. ಆದ್ದರಿಂದ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಮುಂಬಯಿಯವರಿಗೆ ಪರೇಲಿನಲ್ಲಿ 1883ರಲ್ಲಿ ಸ್ಥಾಪಿತವಾದ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯಿದೆ.

ರಕ್ತ ಅಥವಾ ಜೊಲ್ಲು ನೋಡಿ ಒಗ್ಗದ ಆಹಾರ ಯಾವುದೆಂದು ಹೇಳುತ್ತೇವೆ ಎನ್ನುವವರಿದ್ದಾರೆ. ಆ ಪರೀಕ್ಷೆಗಳು ಈ ವಿಷಯದಲ್ಲಿ ನೆಚ್ಚತಕ್ಕವಲ್ಲ. ತಿಂಗಳ ಸಂಬಳದಲ್ಲಿ ಉಳಿಸಿದ ಹಣವನ್ನು ಅದಕ್ಕೆ ಸುರಿಯಬೇಡಿ. ನಂಬಬಹುದಾದ ಪರೀಕ್ಷೆ ಪಥ್ಯವೊಂದೇ. ನಾಯಿ ಹಿಂದೆಂದೂ ತಿನ್ನದ ಒಂದು ಮಾಂಸ ಅಥವಾ ಮೀನು, ಜೊತೆಗೆ ಗೆಣಸಿನಂತಹ ಒಂದೇ ಒಂದು ಪದಾರ್ಥವನ್ನು ಉಪ್ಪುಖಾರವಿಲ್ಲದೆ ಬೇಯಿಸಿ 8 ವಾರ ಹಾಕಬೇಕು. ಕೋಳಿವಾಡೆಯ ಬಳಿ ಮೀನು ತಿಂದೇ ಬೆಳೆದ ನಾಯಿಗೆ ಮೀನಿನ ಪಥ್ಯ ನಡೆಯದು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ಅವು ಸೋಕಲೇಬಾರದು. ಇಷ್ಟರಿಂದಲೇ ಪೂರ್ಣ ಪೋಷಣೆ ಸಿಗುವುದಿಲ್ಲವಾದ್ದರಿಂದ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮರಿಗಳ ವಿಷಯದಲ್ಲಂತೂ ಇದು ಅಗತ್ಯ.

ಈ 8 ವಾರ ಕಟ್ಟುನಿಟ್ಟು ಬೇಕು. ಪಕ್ಕದ ಮನೆಯ ಮಗು ಎಸೆದ ಒಂದು ಬಿಸ್ಕತ್ತು ಇಡೀ ತಿಂಗಳ ಶ್ರಮವನ್ನು ಹಾಳುಮಾಡೀತು. ತುರಿಕೆ ತಗ್ಗಿತೆಂದು ಅಲ್ಲಿಗೇ ನಿಲ್ಲಿಸಲೂ ಬಾರದು. ಹಳೆಯ ಊಟವನ್ನು ಮತ್ತೆ ಹಾಕಿ ನೋಡಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಅನುಮಾನ ನಿಜವಾಯಿತು. ಆಮೇಲೆ ಪಥ್ಯಕ್ಕೆ ಹಿಂತಿರುಗಿ, ತುರಿಕೆ ಅಡಗಿದ ಮೇಲೆ ಹಾಲು, ಗೋಧಿ, ಕೋಳಿ ಹೀಗೆ ಒಂದೊಂದನ್ನೇ ಎರಡೆರಡು ವಾರ ಕೊಟ್ಟು ನೋಡಿದರೆ ಅಪರಾಧಿ ಸಿಕ್ಕುತ್ತದೆ.

ಈ ಅಲರ್ಜಿಯನ್ನು ಬೇರುಸಹಿತ ಕೀಳುವ ಔಷಧಿಯಿಲ್ಲ. ಕೆಟ್ಟ ಕಿವಿಗೆ, ಹುಣ್ಣಾದ ಚರ್ಮಕ್ಕೆ ವೈದ್ಯರು ಮದ್ದು ಕೊಡುತ್ತಾರೆ. ಉಳಿದದ್ದು ನಮ್ಮ ಕೈಯಲ್ಲಿದೆ: ಒಗ್ಗದ ಆ ಒಂದು ಪದಾರ್ಥವನ್ನು ಅದರ ಆಯುಷ್ಯವಿಡೀ ದೂರವಿಡುವುದು. ಅಷ್ಟು ಮಾಡಿದರೆ ನಾಯಿ ಸುಖವಾಗಿ ಬಾಳುತ್ತದೆ.

ಕೊನೆಗೊಂದು ಮಾತು. ಊಟದ ಅಲರ್ಜಿ ಯಾರಿಗೂ ಅಂಟುವುದಿಲ್ಲ. ವೈದ್ಯರು ಕಜ್ಜಿಯಲ್ಲವೆಂದು ಹೇಳಿದ ಮೇಲೆ ಆ ಮಾತನ್ನು ನೆರೆಯವರಿಗೆ ಸಮಾಧಾನದಿಂದ ತಿಳಿಸಿರಿ, ಬಿಸ್ಕತ್ತು ಎಸೆಯುವ ಮಕ್ಕಳಿಗೂ ತಿಳಿಸಿರಿ. ತನಗೇನಾಗಿದೆಯೆಂದು ಹೇಳಲು ನಾಯಿಗೆ ಬಾಯಿಲ್ಲ. ಅದರ ಪರವಾಗಿ ನಾವೇ ಹೇಳಬೇಕು.