ಕೃತಜ್ಞತೆ ಮತ್ತು ಮಹತ್ವಾಕಾಂಕ್ಷೆ: ವರ್ತಕನ ಖಾತೆಯ ಎರಡು ಬದಿಗಳು

ವ್ಯಾಪಾರದಲ್ಲಿ ಮುಂದೆ ಬರಬೇಕೆಂಬ ಹಂಬಲವಿಲ್ಲದವನು ಇದ್ದಲ್ಲಿಯೇ ಉಳಿಯುತ್ತಾನೆ. ತನ್ನನ್ನು ಮುಂದೆ ತಂದವರನ್ನು ಮರೆತವನು ಮುಂದೆ ಹೋದರೂ ಅಲ್ಲಿ ಹೆಚ್ಚು ಕಾಲ ನಿಲ್ಲಲಾರ. ಈ ಎರಡು ಮಾತುಗಳನ್ನೂ ಎಲ್ಲರೂ ಒಪ್ಪುತ್ತಾರೆ. ಆದರೆ ನಿತ್ಯದ ವ್ಯವಹಾರದಲ್ಲಿ ಹಂಬಲವೂ ಋಣವೂ ಎದುರುಬದುರಾದಾಗ ಯಾವುದಕ್ಕೆ ಎಷ್ಟು ಮನ್ನಣೆ ಎಂಬ ಪ್ರಶ್ನೆ ಏಳುತ್ತದೆ.

‘ಕೃತಜ್ಞ’ ಎಂದರೆ ತನಗಾಗಿ ಮಾಡಿದ್ದನ್ನು ಅರಿತವನು. ಅಂದರೆ ಕೃತಜ್ಞತೆ ಬರಿಯ ಭಾವನೆಯಲ್ಲ, ಅದು ಒಂದು ಲೆಕ್ಕ. ಅಢಾವೆ ಪತ್ರಿಕೆಯಲ್ಲಿ ಆಸ್ತಿಗೆ ಒಂದು ಬದಿ, ಹೊಣೆಗೆ ಇನ್ನೊಂದು ಬದಿ ಇರುವಂತೆ ಮಹತ್ವಾಕಾಂಕ್ಷೆಯು ಆಸ್ತಿಯ ಬದಿಯನ್ನೂ ಕೃತಜ್ಞತೆಯು ಹೊಣೆಯ ಬದಿಯನ್ನೂ ನೋಡುತ್ತದೆ. ಒಂದೇ ಬದಿಯನ್ನು ಓದಿ ಉದ್ದಿಮೆಯ ಸ್ಥಿತಿಯನ್ನು ತಿಳಿಯಲಾಗದು.

ಬಳ್ಳಾರಿ: ಕಲಿಸಿದವರ ಋಣ

ಬಳ್ಳಾರಿ ನಗರದ ಜೀನ್ಸ್ ಉಡುಪಿನ ಉದ್ದಿಮೆ ಬಹುಮಟ್ಟಿಗೆ ಸಣ್ಣ ಘಟಕಗಳದು. ಬಟ್ಟೆ ಕತ್ತರಿಸುವುದು, ಹೊಲಿಯುವುದು, ವಾಷಿಂಗ್, ಗುಂಡಿ ಹಾಕುವುದು, ಇಸ್ತ್ರಿ ಮಾಡುವುದು ಬೇರೆ ಬೇರೆ ಕೈಗಳಲ್ಲಿ ನಡೆಯುತ್ತವೆ. ಇಂಥ ಉದ್ದಿಮೆಯಲ್ಲಿ ಒಬ್ಬರ ಬಳಿ ಕೆಲಸ ಕಲಿತವನು ಕೆಲವು ವರ್ಷಗಳ ನಂತರ ನಾಲ್ಕಾರು ಯಂತ್ರ ಹಾಕಿಕೊಂಡು ಸ್ವಂತ ಘಟಕ ತೆರೆಯಬಯಸುವುದು ಸಹಜ. ಆಗ ಹಳೆಯ ಮಾಲೀಕನಿಗೆ ಅದು ಕೃತಘ್ನತೆಯಾಗಿ ಕಾಣುವುದೂ ಸಹಜ.

ಇಲ್ಲಿ ಗೆರೆ ಎಳೆಯುವುದು ಕಷ್ಟವಲ್ಲ. ಕೈಗೆ ಬಂದ ಕುಶಲತೆ ಕಲಿತವನ ಸ್ವತ್ತು. ಅದನ್ನು ದುಡಿಮೆಗೆ ಹಚ್ಚಲು ಅವನಿಗೆ ಹಕ್ಕಿದೆ. ಮಾಲೀಕನ ನಮೂನೆಗಳು, ಗಿರಾಕಿಗಳ ದರಪಟ್ಟಿ, ಅರ್ಧಕ್ಕೆ ನಿಂತ ಆರ್ಡರು, ತೀರಿಸದ ಮುಂಗಡ ಇವು ಅವನವಲ್ಲ. ಮುಂಗಡ ತೀರಿಸಿ, ಕೈಯಲ್ಲಿದ್ದ ಕೆಲಸ ಮುಗಿಸಿ, ಮೊದಲೇ ತಿಳಿಸಿ ಹೊರಬಂದವನು ಋಣ ಸಲ್ಲಿಸಿ ಬಂದವನು. ಮಾಲೀಕನಾದರೂ ತಾನು ಕೊಟ್ಟ ಕೂಲಿ ದುಡಿಮೆಯ ಬೆಲೆಯೇ ಹೊರತು ಉಪಕಾರವಲ್ಲವೆಂಬುದನ್ನು ನೆನೆಯಬೇಕು. ಹೊರಹೋದವನನ್ನು ಪ್ರತಿಸ್ಪರ್ಧಿಯೆಂದು ದೂರವಿಡುವ ಬದಲು, ಕೆಲಸದ ಒತ್ತಡ ಹೆಚ್ಚಿದಾಗ ಅವನಿಗೇ ಜಾಬ್ ವರ್ಕ್ ಕೊಟ್ಟರೆ ಇಬ್ಬರಿಗೂ ಲಾಭ.

ಸಿರುಗುಪ್ಪ: ಹಿರಿಯರ ಮತ್ತು ನೀರಿನ ಋಣ

ತುಂಗಭದ್ರೆಯ ದಡದ ಸಿರುಗುಪ್ಪದಲ್ಲಿ ಭತ್ತವೇ ವ್ಯಾಪಾರದ ಜೀವಾಳ. ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ತಂದೆಯ ಕಾಲದ ಯಂತ್ರವನ್ನು ತೆಗೆದು ಬಣ್ಣಗೆಟ್ಟ ಕಾಳನ್ನು ಬೇರ್ಪಡಿಸುವ ಹೊಸ ಯಂತ್ರ ಹಾಕಬೇಕೆಂದು ಮಗ ಹೇಳುತ್ತಾನೆ ಎಂದಿಟ್ಟುಕೊಳ್ಳೋಣ. ‘ಅನ್ನ ಕೊಟ್ಟ ಯಂತ್ರ’ವನ್ನು ತೆಗೆಯುವುದು ಹೇಗೆಂದು ತಂದೆ ಹಿಂಜರಿಯುತ್ತಾರೆ. ಆಯುಧಪೂಜೆಯ ದಿನ ಯಂತ್ರಕ್ಕೆ ಅರಿಶಿನ ಕುಂಕುಮವಿಡುವುದು ಸರಿಯೇ. ಆದರೆ ಪೂಜೆ ಸಲ್ಲುವುದು ದುಡಿಮೆಗೆ, ಕಬ್ಬಿಣಕ್ಕಲ್ಲ. ಹಿರಿಯರು ಕಟ್ಟಿದ ಗಿರಣಿ ಮುಂದೆಯೂ ನಡೆಯುವಂತೆ ನೋಡಿಕೊಳ್ಳುವುದೇ ಅವರಿಗೆ ಸಲ್ಲಿಸುವ ಗೌರವ.

ನಿಜವಾದ ಅಪಾಯ ಬೇರೆಡೆ ಇದೆ. ಉದಾಹರಣೆಗೆ, ರೈತರಿಂದ ಉದ್ದರಿಯಾಗಿ ಕೊಂಡ ಭತ್ತದ ಬಾಬ್ತು 10 ಲಕ್ಷ ರೂಪಾಯಿ ಕೊಡುವುದಿದ್ದಾಗ, ಅಕ್ಕಿ ಮಾರಿ ಬಂದ ಹಣವನ್ನು ಹೊಸ ಯಂತ್ರದ ಕಂತಿಗೆ ಹಾಕಿದರೆ ಏನಾಗುತ್ತದೆ? ಚಾಲ್ತಿ ಬಂಡವಾಳ ಕಬ್ಬಿಣವಾಗಿ ಕುಳಿತುಕೊಳ್ಳುತ್ತದೆ. ರೈತನು ತಿಂಗಳುಗಟ್ಟಲೆ ಅಲೆಯುತ್ತಾನೆ, ಮುಂದಿನ ಸುಗ್ಗಿಯಲ್ಲಿ ಬೇರೆ ಗಿರಣಿಗೆ ಹೋಗುತ್ತಾನೆ. ಯಂತ್ರ ದೊಡ್ಡದಾಗಿ ಭತ್ತ ಕಡಿಮೆಯಾಗುತ್ತದೆ. ಯಂತ್ರಕ್ಕೆ ದೀರ್ಘಾವಧಿ ಸಾಲ, ಭತ್ತಕ್ಕೆ ಚಾಲ್ತಿ ಬಂಡವಾಳ ಎಂಬ ಹಳೆಯ ನಿಯಮ ಹಣಕಾಸಿನ ಜಾಣತನವೂ ಹೌದು, ರೈತನಿಗೆ ತೋರುವ ಕೃತಜ್ಞತೆಯೂ ಹೌದು.

ಇದೆಲ್ಲದರ ಹಿಂದೆ ಜಲಾಶಯದ ನೀರಿದೆ. 1953ರಲ್ಲಿ ಸಿದ್ಧವಾದ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಅದು ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಕಾಲುವೆ ಕೊನೆಯ ಹೊಲದಿಂದ ಗಿರಣಿಯವರೆಗೆ ಎಲ್ಲರೂ ಕಂಗಾಲಾದರು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಅಳವಡಿಸಲಾಯಿತು. ತಮ್ಮ ವಹಿವಾಟು ಯಾರ ದುಡಿಮೆಯ ಮೇಲೆ ನಿಂತಿದೆ ಎಂಬುದು ಆ ವಾರ ಎಲ್ಲರಿಗೂ ಮನವರಿಕೆಯಾಯಿತು. ಹೊಸ ಗಿರಣಿ ಹಾಕುವವರು ಯಂತ್ರದ ಸಾಮರ್ಥ್ಯದ ಜೊತೆಗೆ ನೀರಿನ ಸಾಮರ್ಥ್ಯವನ್ನೂ ಲೆಕ್ಕಕ್ಕೆ ಹಿಡಿಯುವುದು ಒಳಿತು.

ಕುರುಗೋಡು: ಬೆಳೆದವರ ಋಣ

ಕುರುಗೋಡು ಭಾಗದ ಮೆಣಸಿನಕಾಯಿ ಬ್ಯಾಡಗಿಯಂಥ ದೂರದ ಮಾರುಕಟ್ಟೆಗೂ ಹೋಗುತ್ತದೆ. ಬಿತ್ತನೆಗೆ ಮುಂಗಡ ಕೊಟ್ಟ ತನ್ನನ್ನು ಬಿಟ್ಟು ರೈತನು ಹೆಚ್ಚಿನ ಬೆಲೆಗೆ ಬೇರೆಡೆ ಮಾರಿದನೆಂದು ವರ್ತಕನು ನೊಂದುಕೊಳ್ಳುವುದುಂಟು. ಬಡ್ಡಿ ಪಡೆದ ಮುಂಗಡ ವ್ಯವಹಾರವೇ ಹೊರತು ದಾನವಲ್ಲ. ಅಸಲು ಬಡ್ಡಿ ತೀರಿದ ಮೇಲೆ ಮಾರಾಟದ ಆಯ್ಕೆ ರೈತನದು. ಸರಿಯಾದ ತೂಕ, ಸ್ಥಳದಲ್ಲೇ ರಸೀದಿ, ಹೇಳಿದ ದಿನ ಹಣ ಈ ಮೂರನ್ನು ಕೊಡುವ ವರ್ತಕನ ಬಳಿಗೆ ರೈತನು ಒತ್ತಾಯವಿಲ್ಲದೆ ಮರಳಿ ಬರುತ್ತಾನೆ. ಋಣವನ್ನು ಹಗ್ಗವಾಗಿಸಿದರೆ ಅದು ಕೃತಜ್ಞತೆಯಾಗಿ ಉಳಿಯುವುದಿಲ್ಲ.

ಸಲ್ಲಿಸದ ಋಣ ವಸೂಲಾಗುವ ಬಗೆ

ಮನಸಾರೆ ಸಲ್ಲಿಸದ ಋಣವನ್ನು ಕಾನೂನು ವಸೂಲು ಮಾಡುತ್ತದೆ ಎಂಬುದಕ್ಕೆ ಜಿಲ್ಲೆಯ ಗಣಿಗಾರಿಕೆಯೇ ಸಾಕ್ಷಿ. ಅದಿರಿಗೆ ಬೆಲೆ ಏರಿದ ವರ್ಷಗಳಲ್ಲಿ ಮಣ್ಣು, ರಸ್ತೆ, ಊರುಗಳ ಹೊಣೆಯನ್ನು ಖಾತೆಗೆ ಹಿಡಿದವರು ಕಡಿಮೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಲಾರಿಗಳು ನಿಂತವು. ಹೋಟೆಲು, ಟೈರಿನ ಅಂಗಡಿ, ಬಿಡಿಭಾಗಗಳ ವ್ಯಾಪಾರಗಳೂ ಅದರ ಬಿಸಿ ಉಂಡವು. 2013ರ ಏಪ್ರಿಲ್‌ನ ತೀರ್ಪು ಭಾರಿ ಅಕ್ರಮ ಕಂಡುಬಂದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಮಿತಿಯನ್ನೂ ಪರಿಸರ ಪುನಶ್ಚೇತನದ ಹೊಣೆಯನ್ನೂ ವಿಧಿಸಿತು.

ಸಣ್ಣ ಉದ್ದಿಮೆಗೂ ಇಂಥ ಕಾನೂನಿದೆ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಅಥವಾ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಸಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತಗಲುತ್ತದೆ. 2023–24ರ ಲೆಕ್ಕವರ್ಷದಿಂದ ಗಡುವು ಮೀರಿದ ಇಂಥ ಬಾಕಿಯನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು. ಭತ್ತ ತಂದ ರೈತನಿಗೂ ಮೂಟೆ ಹೊತ್ತ ಹಮಾಲನಿಗೂ ಈ ಕಾಯ್ದೆ ಅನ್ವಯಿಸದು. ಅವರ ವಿಷಯದಲ್ಲಿ ಗಡುವನ್ನು ವರ್ತಕನೇ ಹಾಕಿಕೊಳ್ಳಬೇಕು.

ಆಚರಣೆಗೆ ತರುವ ಬಗೆ

ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಸಲ್ಲಿಸುವ ಮೊದಲು ಮೂರು ಕೆಲಸಗಳನ್ನು ಮಾಡಬಹುದು.

1. ಉದ್ದಿಮೆ ಬೆಳೆಯಲು ನೆರವಾದವರ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಏನು ಬಾಕಿಯಿದೆ ಎಂದು ಬರೆಯುವುದು. ಹಣ ಬಾಕಿಯಿದ್ದರೆ ಹಣವನ್ನೇ ಕೊಡಬೇಕು. ಶಾಲು ಹಾರಗಳು ಅದಕ್ಕೆ ಬದಲಾಗವು.

2. ಬರುವ ವರ್ಷದ ಗುರಿಯನ್ನು ಅಂಕಿಯಲ್ಲಿ ಬರೆದು, ಅದಕ್ಕೆ ಬೇಕಾದ ಬಂಡವಾಳ ಹಳೆಯ ಬಾಕಿಗಳಿಂದ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು.

3. ಲಾಭದ ಒಂದು ಪಾಲನ್ನು ಕೆಲಸಗಾರರ ತರಬೇತಿಗೆ, ಮಕ್ಕಳ ಓದಿಗೆ ತೆಗೆದಿಡುವುದು. 1916ರಲ್ಲಿ ಬಳ್ಳಾರಿಯಲ್ಲಿ ಸ್ಥಾಪನೆಯಾದ ವೀರಶೈವ ವಿದ್ಯಾವರ್ಧಕ ಸಂಘ ಕಟ್ಟಿದ ಶಾಲಾ ಕಾಲೇಜುಗಳಲ್ಲಿ ಓದಿದವರು ನಗರದ ಕಚೇರಿ, ಕಾರ್ಖಾನೆ, ಅಂಗಡಿಗಳಲ್ಲಿದ್ದಾರೆ. ಹಿಂದಿನವರ ಕೊಡುಗೆ ಇಂದಿನವರ ಬಂಡವಾಳವಾದ ಬಗೆ ಇದು.

ಕೃತಜ್ಞತೆ ‘ಇಷ್ಟೇ ಸಾಕು’ ಎಂದು ಹೇಳುವುದಿಲ್ಲ. ‘ಮೊದಲು ಕೊಡಬೇಕಾದ್ದನ್ನು ಕೊಡು’ ಎಂದಷ್ಟೇ ಹೇಳುತ್ತದೆ. ಹಾಗೆ ಬಾಕಿ ತೀರಿಸಿಕೊಂಡ ವರ್ತಕನು ಮುಂದಿನ ಸುಗ್ಗಿಗೆ ಎಷ್ಟು ದೊಡ್ಡ ಗುರಿ ಇಟ್ಟುಕೊಂಡರೂ ಭತ್ತ ತರುವವರು, ಮೂಟೆ ಹೊರುವವರು, ಹೊಲಿಗೆ ಹಾಕುವವರು ಅವನ ಜೊತೆಗಿರುತ್ತಾರೆ.